ಎಡಗೈ ಅಲ್ವಾ

ನನ್ನ ಅಮ್ಮನಿಗೆ ಒಂದು ಅಭ್ಯಾಸವಿತ್ತು. ಸಂಜೆಯ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೂ ಅವಳು ಮೊಣಕಾಲೂರಿದಲ್ಲಿಂದ ಏಳುತ್ತಿರಲಿಲ್ಲ. ಆ ದಿನ ನಡೆದದ್ದರಲ್ಲಿ ಒಳ್ಳೆಯದೆಂದು ಅವಳಿಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದಳು. ಒಂದೊಂದು ಹೇಳಿದ ಮೇಲೂ "ದೇವ್ ಬರೆಂ ಕರುಂ" ಎಂದು ಸೇರಿಸುತ್ತಿದ್ದಳು. ದೇವರು ಒಳ್ಳೆಯದು ಮಾಡಲಿ ಎಂದು ಆ ಕೊಂಕಣಿ ಮಾತಿನ ಅರ್ಥ. ಧನ್ಯವಾದ ಹೇಳಲು ನಮ್ಮ ಮನೆಯಲ್ಲಿ ಇದ್ದದ್ದು ಆ ಮಾತೊಂದೇ.

"ಬಾವಿಕಟ್ಟೆಯಲ್ಲಿ ಹಾವು ಇತ್ತು, ನನ್ನನ್ನು ನೋಡಿ ಅದೇ ಹೋಯಿತು, ದೇವ್ ಬರೆಂ ಕರುಂ. ಅಕ್ಕಿಯಲ್ಲಿ ಇವತ್ತು ಕಲ್ಲು ಕಡಿಮೆ, ದೇವ್ ಬರೆಂ ಕರುಂ. ಬಸ್ಸಿನಲ್ಲಿ ಒಬ್ಬಳು ಎದ್ದು ಜಾಗ ಕೊಟ್ಟಳು, ಅವಳಿಗೂ ದೇವ್ ಬರೆಂ ಕರುಂ."

ನಮ್ಮ ಮನೆ ಕಾಪುವಿನಿಂದ ಸ್ವಲ್ಪ ಒಳಗೆ. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಇದ್ದವರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕಾಮಾಲೆಯಲ್ಲಿ ಹೋದರು. ಆಮೇಲೆ ನಮ್ಮಿಬ್ಬರನ್ನು ಸಾಕಿದ್ದು ಅಂಗಳದ ಮಲ್ಲಿಗೆ ಗಿಡಗಳು. ಬೆಳಕು ಹರಿಯುವ ಮೊದಲೇ ಅಮ್ಮ ಮೊಗ್ಗು ಕೊಯ್ಯುತ್ತಿದ್ದಳು. ನಾವಿಬ್ಬರೂ ಕೂತು ಬಾಳೆನಾರಿನಲ್ಲಿ ಕಟ್ಟಿ, ಉಡುಪಿಗೆ ಹೋಗುವ ಹೂವಿನವನಿಗೆ ಕೊಡುತ್ತಿದ್ದೆವು. ಮಲ್ಲಿಗೆ ಕಟ್ಟುವುದರಲ್ಲಿ ನನ್ನ ಕೈ ಅಮ್ಮನದಕ್ಕಿಂತ ಚುರುಕಾಗಿತ್ತು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಅಮ್ಮ ಸುಖವಾಗಿಯೇ ಇದ್ದಳು. ತೋರಿಕೆಯ ಸುಖವಲ್ಲ. ಮಲಗಿದ ತಕ್ಷಣ ನಿದ್ದೆ ಹೋಗುತ್ತಿದ್ದಳು, ಎದ್ದಾಗ ಮುಖ ಗಂಟಿಕ್ಕಿರುತ್ತಿರಲಿಲ್ಲ, ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಸಂಜೆಯ ಆ ನಾಲ್ಕು ಮಾತು ಅವಳಿಗೆ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಅದು ಸುಳ್ಳಾಗಿದ್ದರೆ ಮುಂದೆ ನನಗೆ ಬಂದ ಸಿಟ್ಟಿಗೆ ದಾರಿ ಸುಲಭವಾಗುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಆದಿ ಉಡುಪಿಯ ಕಡೆಯ ಒಂದು ಪ್ರೆಸ್ಸಿಗೆ ಸೇರಿದೆ. ಶಾಲೆಯ ನೋಟ್‌ಬುಕ್ಕು, ರಶೀದಿ ಪುಸ್ತಕ, ಮದುವೆ ಕಾಗದ ಎಲ್ಲ ಅಲ್ಲಿ ಆಗುತ್ತಿತ್ತು. ನನಗೆ ಬೈಂಡಿಂಗ್ ವಿಭಾಗದಲ್ಲಿ ಕೆಲಸ. ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಕಾಪು ಕಡಲಬದಿಯ ಬ್ಯಾರಿ ಮುಸ್ಲಿಂ ಹೆಂಗಸು, ನನಗಿಂತ ಹನ್ನೆರಡು ಹದಿಮೂರು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಇಲ್ಲಿ ಕ್ರಿಶ್ಚನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಿ ಎನ್ನುತ್ತಿದ್ದರು. ಗಂಡ ಗಲ್ಫಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಆ ಸಂಗತಿಯನ್ನು ಅಕ್ಕ ಹವಾಮಾನ ಹೇಳುವ ಹಾಗೆ ಹೇಳುತ್ತಿದ್ದರು. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು, ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದೆವು.

ಯಜಮಾನರು ಕೆಟ್ಟವರಲ್ಲ. ಮೆಲು ಮಾತು, ಕಸ ಗುಡಿಸುವವಳನ್ನೂ "ನೀವು" ಎಂದೇ ಮಾತಾಡಿಸುತ್ತಿದ್ದರು. ನಾನು ಸೇರಿದ ಮಾರನೇ ವರ್ಷ ಅವರು ಬೊಂಬಾಯಿಗೆ ಹೋಗಿ ಬಂದರು. ಅಲ್ಲಿ ವ್ಯಾಪಾರಸ್ಥರಿಗೆಂದು ನಡೆದ ಯಾವುದೋ ಉಪನ್ಯಾಸ ಕೇಳಿದ್ದರಂತೆ. ಬಂದ ಮರುದಿನವೇ ಮೆಷಿನು ಶುರು ಮಾಡುವ ಮೊದಲು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು.

"ಇನ್ನು ದಿನಾ ಒಬ್ಬರು ಮುಂದೆ ಬಂದು, ನಿಮಗೆ ಸಿಕ್ಕಿದ ಒಂದು ಒಳ್ಳೆಯದನ್ನು ಹೇಳಬೇಕು. ಮನಸ್ಸಿನಲ್ಲಿ ಕೃತಜ್ಞತೆ ಇದ್ದರೆ ಕೆಲಸ ಭಾರ ಅಂತ ಅನ್ನಿಸುವುದಿಲ್ಲ. ಒಂದು ತಿಂಗಳು ಮಾಡಿ ನೋಡಿ, ನಿಮ್ಮ ಮುಖವೇ ಬದಲಾಗ್ತದೆ."

ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಮಾತ್ರ ಏನೂ ಕಷ್ಟವಾಗಲಿಲ್ಲ. ಮನೆಯಲ್ಲಿ ಕೇಳಿ ಕೇಳಿ ಅಭ್ಯಾಸವಾಗಿತ್ತು. ನನ್ನ ಸರದಿ ಬಂದಾಗ, ಬರುವಾಗ ಮಳೆ ನಿಂತದ್ದು, ಕೊಡೆ ಬಿಡಿಸದೆ ನಡೆದದ್ದು ಇಂಥದ್ದನ್ನೆಲ್ಲ ಚಂದ ಮಾಡಿ ಹೇಳಿದೆ. "ಇವರನ್ನು ನೋಡಿ ಕಲಿಯಿರಿ" ಎಂದರು ಯಜಮಾನರು. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳ ಕಣ್ಣು ಅರಳಿತು.

"ಅಂಥ ಧಣಿ ಸಿಗುವುದು ನಮ್ಮ ಭಾಗ್ಯ" ಎಂದಳು. ಆ ಸಂಜೆಯಿಂದ ಅವಳ ಪ್ರಾರ್ಥನೆಯಲ್ಲಿ ಯಜಮಾನರಿಗೂ ಒಂದು ಜಾಗವಾಯಿತು.

ಅಂಗಳದ ಆ ಸಾಲಿನಲ್ಲಿ ಒಂದು ನಿಯಮವಿತ್ತು. ಅಲ್ಲಿ ದೂರು ಹೇಳುವಂತಿಲ್ಲ. ಅಚ್ಚುಮೊಳೆ ಜೋಡಿಸುವವರೊಬ್ಬರು ಒಮ್ಮೆ ಕುಡಿಯುವ ನೀರಿನ ಟಾಂಕಿಯ ಮಾತೆತ್ತಿದರು. ಯಜಮಾನರು ನಗುತ್ತಲೇ ಬೆರಳೆತ್ತಿದರು. "ದೂರು ಮ್ಯಾನೇಜರರ ಹತ್ತಿರ. ಇಲ್ಲಿ ಒಳ್ಳೆಯದು ಮಾತ್ರ." ಅಚ್ಚುಮೊಳೆಯವರು ಮ್ಯಾನೇಜರರ ಹತ್ತಿರ ಹೋದರು. ಮ್ಯಾನೇಜರು, "ಬೆಳಿಗ್ಗೆ ಧಣಿಗಳ ಎದುರು ನಗಾಡಿಕೊಂಡು ನಿಂತಿದ್ರಿ, ಈಗ ಎಂತ ದೂರು ಮಾರಾಯ್ರೆ?" ಎಂದು ಕಳಿಸಿದರು.

ಆ ಹೊತ್ತಿಗೆ ಕಾಗದ ಕತ್ತರಿಸುವ ಮೆಷಿನು ಹಾಳಾಗುತ್ತಾ ಬಂದಿತ್ತು. ಪೆಡಲ್ ಒತ್ತಿದರೆ ಬ್ಲೇಡು ಒಂದು ಸಲ ಇಳಿದು ಮೇಲೆ ಹೋಗಿ ನಿಲ್ಲಬೇಕು. ಇದು ಒಮ್ಮೊಮ್ಮೆ ಯಾರೂ ಒತ್ತದೆ ಎರಡನೇ ಸಲವೂ ಇಳಿಯುತ್ತಿತ್ತು. ಕಟಿಂಗಿನವರು ಮ್ಯಾನೇಜರಿಗೆ ಹೇಳಿದ್ದರು. ಶಾಲೆ ಶುರುವಾಗುವ ಮೊದಲಿನ ಗಡಿಬಿಡಿ ಮುಗಿಯಲಿ, ಆಮೇಲೆ ನೋಡುವ ಎಂಬ ಉತ್ತರ ಬಂದಿತ್ತು.

ಅಕ್ಕ ಆವರೆಗೆ ಅಂಗಳದ ಸರದಿಯನ್ನು ತಪ್ಪಿಸಿಕೊಂಡೇ ಬಂದಿದ್ದರು. "ನಾನು ದೇವರಿಗೆ ಹೇಳುವುದನ್ನು ಮನೆಯಲ್ಲೇ ಹೇಳಿ ಬಂದಿದ್ದೇನೆ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ತಾವಾಗಿ ಮುಂದೆ ಹೋದರು. ತಲೆಯ ವಸ್ತ್ರ ಸರಿ ಮಾಡಿಕೊಂಡು ಒಂದೊಂದೇ ಶಬ್ದ ಬಿಡಿಸಿ ಹೇಳಿದರು.

"ನಿನ್ನೆ ಕಟಿಂಗ್ ಮೆಷಿನಿನ ಬ್ಲೇಡು ತನ್ನಷ್ಟಕ್ಕೆ ಎರಡನೇ ಸಲ ಬಿತ್ತು. ಅಡಿಯಲ್ಲಿ ಯಾರ ಕೈಯೂ ಇರಲಿಲ್ಲ. ಅಲ್‌ಹಮ್ದುಲಿಲ್ಲಾ."

ಕಟಿಂಗಿನವರು ತಲೆ ತಗ್ಗಿಸಿದರು. ಈಗಲಾದರೂ ಕೇಳಿತಲ್ಲ ಎಂದು ನಾನು ಯಜಮಾನರ ಮುಖ ನೋಡಿದೆ. ಅವರ ಮುಖ ಬೆಳಗಿತ್ತು.

"ಇದೇ! ಇದೇ ನಾನು ಹೇಳುವುದು. ಆಗದೇ ಹೋದ ಕೆಟ್ಟದ್ದಕ್ಕೂ ನಾವು ಕೃತಜ್ಞರಾಗಿರಬೇಕು. ಎಲ್ಲರೂ ಇವರಿಗೆ ಚಪ್ಪಾಳೆ ಹೊಡೆಯಿರಿ."

ನಾವು ಚಪ್ಪಾಳೆ ಹೊಡೆದೆವು. ಅಕ್ಕ ಅಲ್ಲಿಂದ ಬಂದು ನನ್ನ ಪಕ್ಕದಲ್ಲಿ ಕೂತು ಅಚ್ಚಾದ ಹಾಳೆಗಳ ಫಾರ್ಮು ಮಡಚತೊಡಗಿದರು. ಮಡಚುತ್ತಲೇ, "ಕಿವಿ ಉಂಟು, ಕೇಳುವುದಿಲ್ಲ. ನಿನ್ನ ಕೈ ಜಾಗ್ರತೆ ಬಾಯಿ" ಎಂದರು.

ಅದಾಗಿ ಹೆಚ್ಚು ದಿನ ಹೋಗಲಿಲ್ಲ. ಕತ್ತರಿಸಿದ ನೋಟ್‌ಬುಕ್ಕುಗಳನ್ನು ಮೆಷಿನಿನ ಅಡಿಯಿಂದ ಎಳೆದು ಆಚೆ ಪೇರಿಸುವ ಕೆಲಸ ಆ ದಿನ ನನಗೆ ಬಂದಿತ್ತು. ಬ್ಲೇಡು ಮೇಲೆ ಹೋಯಿತು, ನಾನು ಕೈ ಹಾಕಿದೆ. ಕಾಗದ ಕತ್ತರಿಸುವಾಗ ಬರುವ ಅದೇ ಶಬ್ದ ಬಂತು. ನೋವು ಆಮೇಲೆ ಬಂತು. ಎಡಗೈಯ ನಡುಬೆರಳು, ಉಂಗುರಬೆರಳು ಅರ್ಧದಿಂದ ಹೋಗಿದ್ದವು. ತೋರುಬೆರಳು ಜೋತಾಡುತ್ತಿತ್ತು.

ಅಕ್ಕ ತಲೆಯ ವಸ್ತ್ರವನ್ನು ಎಳೆದು ನನ್ನ ಕೈಗೆ ಬಿಗಿಯಾಗಿ ಸುತ್ತಿದರು. ಯಜಮಾನರ ಕಾರು ಅಂಗಳದಲ್ಲೇ ನಿಂತಿತ್ತು, ಡ್ರೈವರನೂ ಇದ್ದ. ಮ್ಯಾನೇಜರು ಫೋನು ಹಿಡಿದು, "ಧಣಿಗಳ ಮನೆಗೆ ಹಚ್ಚಿದ್ದೇನೆ, ಒಂದು ಮಾತು ಕೇಳುವ" ಎನ್ನುತ್ತಿದ್ದರು. ಲೈನು ಸಿಗುತ್ತಿರಲಿಲ್ಲ.

"ನೀವು ಕೇಳ್ತಾ ಇರಿ" ಎಂದವರೇ ಅಕ್ಕ ನನ್ನನ್ನು ರಸ್ತೆಗೆ ಎಳೆದುಕೊಂಡು ಬಂದರು. ಮಲ್ಪೆಯಿಂದ ಮಣಿಪಾಲಕ್ಕೆ ಹೋಗುವ ಬಸ್ಸು ಬರುತ್ತಿತ್ತು. ಬರಿ ತಲೆಯಲ್ಲಿ ರಸ್ತೆಯ ನಡುವಿಗೆ ಹೋಗಿ ಎರಡೂ ಕೈ ಅಗಲಿಸಿ ನಿಂತರು. ಕಂಡಕ್ಟರು ಇಳಿದು ನನ್ನ ಕೈ ನೋಡಿದ. "ಹತ್ತಿ" ಎಂದನಷ್ಟೇ. ಡ್ರೈವರನಿಗೆ ಏನು ಹೇಳಿದನೋ, ಬಸ್ಸು ಉಡುಪಿಯಲ್ಲೂ ನಿಲ್ಲಲಿಲ್ಲ. ಕಲ್ಸಂಕದಲ್ಲಿ, ಕುಂಜಿಬೆಟ್ಟಿನಲ್ಲಿ ಇಳಿಯಬೇಕಾದವರೆಲ್ಲ ಸುಮ್ಮನೆ ಕೂತು ಮಣಿಪಾಲದವರೆಗೆ ಬಂದರು. ಒಬ್ಬರೂ ಗೊಣಗಲಿಲ್ಲ. ಮೀನಿನ ಬುಟ್ಟಿಯ ಹೆಂಗಸೊಬ್ಬರು ಪಕ್ಕಕ್ಕೆ ಬಂದು ನನ್ನ ಮಣಿಕಟ್ಟನ್ನು ಮೇಲಕ್ಕೆತ್ತಿ ಹಿಡಿದರು. "ಕೆಳಗೆ ಬಿಡಬೇಡ ಮಗಾ, ರಕ್ತ ಇಳೀತದೆ" ಎಂದು ತುಳುವಿನಲ್ಲಿ ಹೇಳುತ್ತಲೇ ಇದ್ದರು. ಆಸ್ಪತ್ರೆಯ ಬಾಗಿಲವರೆಗೂ ಆ ಕೈ ಬಿಡಲಿಲ್ಲ.

ಮಣಿಪಾಲದ ಡಾಕ್ಟರುಗಳು ಉಳಿಸುವಷ್ಟನ್ನು ಉಳಿಸಿದರು. ತೋರುಬೆರಳು ಉಳಿಯಿತು, ಆದರೆ ಮಡಚುವುದಿಲ್ಲ.

ಆಮೇಲೆ ಶುರುವಾಯಿತು. ನೋಡಲು ಬಂದವರೆಲ್ಲ ಮಂಚದ ಹತ್ತಿರ ನಿಂತು ಮೊದಲು ಬ್ಯಾಂಡೇಜು ನೋಡುತ್ತಿದ್ದರು, ಮತ್ತೆ ಅದು ಯಾವ ಕೈ ಎಂದು ನೋಡುತ್ತಿದ್ದರು. ನೋಡಿದ ಮೇಲೆ ಅವರ ಮುಖದಲ್ಲಿ ಒಂದು ನಿರಾಳ. "ಎಡಗೈ ಅಲ್ವಾ. ದೇವರು ದೊಡ್ಡವನು." ನೆರೆಯವರು ಹೇಳಿದರು, ನಮ್ಮ ಚರ್ಚು, ಇಗರ್ಜಿಯಿಂದ ಬಂದವರು ಹೇಳಿದರು, ದೂರದ ಸಂಬಂಧಿಕರು ಬಸ್ಸು ಬದಲಿಸಿ ಬಂದು ಹೇಳಿದರು. ಯಜಮಾನರು ಕಿತ್ತಳೆ ಹಣ್ಣು ತಂದರು.

"ಎಡಗೈ ಅಲ್ವಾ. ಬಲಗೈ ಉಳೀತು, ಅದಕ್ಕೆ ನಾವು ಕೃತಜ್ಞರಾಗಿರಬೇಕು. ಖರ್ಚು ಎಲ್ಲ ನಮ್ಮದು. ಗುಣ ಆದ ಮೇಲೆ ನಿಮಗೆ ಕೂತು ಬರೆಯುವ ಕೆಲಸ ಕೊಡುತ್ತೇನೆ."

ಅಮ್ಮ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು "ದೇವ್ ಬರೆಂ ಕರುಂ" ಎಂದಳು. ನಾನು ಗೋಡೆಯ ಕಡೆ ತಿರುಗಿದೆ.

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಮಲ್ಲಿಗೆ ಕಟ್ಟಲು ಕೂತೆ. ಎರಡೆರಡು ಮೊಗ್ಗನ್ನು ನಾರಿನ ಮೇಲೆ ಜೋಡಿಸಿ ಹಿಡಿಯುವುದು ಎಡಗೈ. ಮೊಗ್ಗು ಹಿಡಿದಷ್ಟೂ ಜಾರಿ ಮಡಿಲಿಗೆ ಬೀಳುತ್ತಿತ್ತು. ಅಮ್ಮ ನೋಡಿ ನಾರನ್ನು ನನ್ನ ಮಡಿಲಿನಿಂದ ತೆಗೆದುಕೊಂಡಳು. ಆ ಸಂಜೆ ಪ್ರಾರ್ಥನೆಯಲ್ಲಿ, "ಹೆಬ್ಬೆರಳು ಉಳಿದಿದೆ, ದೇವ್ ಬರೆಂ ಕರುಂ" ಎಂದಳು. ನಾನು ಎದ್ದು ಅಂಗಳಕ್ಕೆ ಹೋದೆ. ಹಾಗೆ ಎದ್ದು ಹೋದದ್ದು ಅದೇ ಮೊದಲು.

ಪ್ರೆಸ್ಸಿಗೆ ತಿರುಗಿ ಹೋದಾಗ ಆ ಮೆಷಿನು ರಿಪೇರಿಯಾಗಿತ್ತು. ನಾನು ಆಸ್ಪತ್ರೆಯಲ್ಲಿದ್ದ ವಾರವೇ ಮಂಗಳೂರಿನಿಂದ ಮೆಕ್ಯಾನಿಕ್ ಬಂದಿದ್ದನಂತೆ. ಸವೆದ ಒಂದು ಸಣ್ಣ ಭಾಗ ಬದಲಿಸಿ, ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಲಸ ಮುಗಿಸಿ ಹೋದನೆಂದು ಕಟಿಂಗಿನವರು ಹೇಳಿದರು. ನನ್ನ ಬೆರಳು ಹೋದದ್ದಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ಅಷ್ಟು ಸಣ್ಣ ಕೆಲಸವಾಗಿತ್ತು ಅದು.

ಅಂಗಳದ ಧನ್ಯವಾದ ಮುಂದುವರಿದಿತ್ತು. ವರ್ಷದ ಕೊನೆಗೆ ಉಡುಪಿಯ ಒಂದು ಸಭಾಭವನದಲ್ಲಿ ಪ್ರೆಸ್ಸಿನ ವಾರ್ಷಿಕೋತ್ಸವ ಇಟ್ಟರು. ಊರಿನ ದೊಡ್ಡವರನ್ನೆಲ್ಲ ಕರೆದಿದ್ದರು. ಮ್ಯಾನೇಜರು ಒಂದು ಹಾಳೆ ತಂದು ನನ್ನ ಕೈಯಲ್ಲಿಟ್ಟರು.

"ನೀವು ಎರಡು ಮಾತು ಹೇಳಬೇಕು. ಬರೆದೇ ಕೊಟ್ಟಿದ್ದೇನೆ, ಓದಿದರೆ ಆಯಿತು."

ನನಗೆ ಹೊಸ ಬದುಕು ಕೊಟ್ಟ ಪುಣ್ಯಾತ್ಮರು ಎಂದು ಶುರುವಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದಳು, ಇಗರ್ಜಿಗೆ ಹೋಗುವ ಸೀರೆ ಉಟ್ಟುಕೊಂಡು. ಹಿಂದಿನ ಸಾಲಿನಲ್ಲಿ ಅಕ್ಕ.

ಮೈಕಿನ ಎದುರು ನಿಂತು ಹಾಳೆಯನ್ನು ಮಡಚಿದೆ. ಮೊದಲೇ ಯೋಚನೆ ಮಾಡಿ ಬಂದದ್ದಲ್ಲ. ಅಮ್ಮ ಹೇಳುವ ಹಾಗೆಯೇ ಹೇಳಿದೆ.

"ನನ್ನ ಕೈಗೆ ತಲೆಯ ವಸ್ತ್ರ ಸುತ್ತಿ ರಸ್ತೆಯ ನಡುವೆ ನಿಂತ ಬೈಂಡಿಂಗಿನ ಅಕ್ಕನಿಗೆ ದೇವರು ಒಳ್ಳೆಯದು ಮಾಡಲಿ. ಬಸ್ಸು ನಿಲ್ಲಿಸದೆ ಓಡಿಸಿದ ಡ್ರೈವರನಿಗೆ, ಕಂಡಕ್ಟರನಿಗೆ ಒಳ್ಳೆಯದು ಮಾಡಲಿ. ಇಳಿಯುವ ಜಾಗ ದಾಟಿದರೂ ಸುಮ್ಮನೆ ಕೂತವರಿಗೆ ಒಳ್ಳೆಯದು ಮಾಡಲಿ. ನನ್ನ ಕೈ ಎತ್ತಿ ಹಿಡಿದ ಮೀನಿನ ಅಮ್ಮನಿಗೆ ಒಳ್ಳೆಯದು ಮಾಡಲಿ. ಹೊಲಿಗೆ ಹಾಕಿದ ಡಾಕ್ಟರುಗಳಿಗೆ ಒಳ್ಳೆಯದು ಮಾಡಲಿ."

ಅಷ್ಟು ಹೇಳಿ ಇಳಿದೆ. ಜನ ಇನ್ನೊಂದು ಹೆಸರಿಗಾಗಿ ಕಾಯುತ್ತಿದ್ದರು. ಯಜಮಾನರೇ ಮೊದಲು ಚಪ್ಪಾಳೆ ಹೊಡೆದರು, ಆಮೇಲೆ ಸಭೆ ಹೊಡೆಯಿತು. ಅಮ್ಮ ಹೊಡೆಯಲಿಲ್ಲ.

ಮರುದಿನ ಯಜಮಾನರು ಕರೆದರು. ಅವರ ಕಣ್ಣು ನಿಜವಾಗಿಯೂ ಕೆಂಪಾಗಿತ್ತು.

"ನಾನು ನಿಮಗೆ ಎಂತ ಕಡಿಮೆ ಮಾಡಿದೆ?"

"ಕಡಿಮೆ ಮಾಡಲಿಲ್ಲ ಸರ್. ಮೆಷಿನು ಮೊದಲೇ ರಿಪೇರಿ ಮಾಡಿಸಬಹುದಿತ್ತು."

"ನನಗೆ ಯಾರೂ ಹೇಳಲೇ ಇಲ್ಲ."

"ಅಕ್ಕ ಹೇಳಿದರು ಸರ್. ನೀವು ಚಪ್ಪಾಳೆ ಹೊಡೆಸಿದಿರಿ."

ಅವರು ಕಿಟಕಿಯ ಕಡೆ ನೋಡಿದರು. "ನೀವು ಹೋಗಿ, ಕೆಲಸ ಮಾಡಿ" ಎಂದರು. ನನ್ನನ್ನು ತೆಗೆಯಲಿಲ್ಲ, ಕೈ ಹೋದವಳನ್ನು ತೆಗೆದರೆ ನಾಲ್ಕು ಜನ ಮಾತಾಡುತ್ತಾರೆ. ಮುಂದಿನ ವಾರ ಬೈಂಡಿಂಗಿನಲ್ಲಿ ಕೆಲಸ ಕಡಿಮೆಯಾಗಿದೆ ಎಂದು ಅಕ್ಕನಿಗೆ ಬರುವುದು ಬೇಡ ಎಂದರು. ನನಗೆ ಹೇಳಿಕೊಟ್ಟವರು ಅವರೇ ಎಂದು ಆಫೀಸಿನಲ್ಲಿ ಎಣಿಸಿದ್ದರು. ನಾನು ಆ ತಿಂಗಳೇ ಕೆಲಸ ಬಿಟ್ಟೆ.

ಬಿಟ್ಟ ಮೇಲೆ ಒಂದು ಆದಿತ್ಯವಾರ ಕಾಪುವಿನ ಕಡಲಬದಿಗೆ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಕೂತು ಬೀಡಿ ಸುತ್ತುತ್ತಿದ್ದರು. ಮುಖ ಕಂಡ ಕೂಡಲೇ ನಕ್ಕರು, ಒಳಗಿನಿಂದ ಚಾ ತಂದರು. ನಾನು ಲೋಟ ಹಿಡಿದು ಕೂತಿದ್ದೆ.

"ನೀನು ಹೇಳಿದ್ದು ಸರಿಯೇ ಉಂಟು ಬಾಯಿ" ಎಂದರು ಅವರೇ. "ಆದರೆ ಮೈಕಿನಲ್ಲಿ ಬೇಡ ಇತ್ತು. ನನ್ನ ಹತ್ತಿರ ಬಸ್ಸಿನಲ್ಲಿ ಹೇಳಿದ್ದರೆ ಸಾಕಿತ್ತು. ಬೀಡಿಯಲ್ಲಿ ಎದೆ ಹಿಡೀತದೆ ಮಾರಾಯ್ತಿ, ಅದೊಂದು."

ಕೆಮ್ಮಿದರು, ಮತ್ತೆ ಎಲೆ ಕತ್ತರಿಸತೊಡಗಿದರು. ಒಬ್ಬರ ಉಪಕಾರವನ್ನು ನಾನು ಮನಸಾರೆ ನೆನೆದ ಫಲ ಅವರ ಮೊರದಲ್ಲಿ ರಾಶಿ ಬಿದ್ದಿತ್ತು. ಚಾ ಮುಗಿಸಿ ಬಂದೆ. ಆಮೇಲೆ ಒಂದೆರಡು ಸಲ ಹೋದೆ. ಮತ್ತೆ ಅವರು ತಮ್ಮನ ಮನೆಗೆಂದು ಊರು ಬಿಟ್ಟರು, ಎಲ್ಲಿಗೆಂದು ಸರಿಯಾಗಿ ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಆದರೆ ಸಂಜೆ ಮಾತ್ರ ತಪ್ಪದೆ, "ನನ್ನ ಮಗಳ ಆಸ್ಪತ್ರೆ ಖರ್ಚು ಕೊಟ್ಟವರಿಗೆ ದೇವ್ ಬರೆಂ ಕರುಂ" ಎನ್ನುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಅಮ್ಮ, ಕೈ ಕತ್ತರಿಸಿದ ಮೆಷಿನು ಅವರದ್ದು."

"ಗೊತ್ತುಂಟು."

"ಹೇಳಿದರೂ ರಿಪೇರಿ ಮಾಡಿಸಲಿಲ್ಲ."

"ಅದೂ ಗೊತ್ತುಂಟು. ನಿನ್ನ ಅಮ್ಮ ಪೆದ್ದು ಅಂತ ಎಣಿಸಿದ್ದಿಯಾ?" ಅವಳು ಜಪಮಾಲೆಯನ್ನು ಗೋಡೆಯ ಮೊಳೆಗೆ ತೂಗಹಾಕಿದಳು. "ನಿನ್ನ ಅಪ್ಪ ಹೋದಾಗ ನನಗೂ ಸಿಟ್ಟು ಬಂದಿತ್ತು. ಸಿಟ್ಟು ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ. ನಿದ್ದೆ ಬರದಿದ್ದರೆ ಬೆಳಿಗ್ಗೆ ಮೊಗ್ಗು ಯಾರು ಕೊಯ್ಯುವುದು? ನಾನು ಹೇಳುವುದು ಅವರಿಗೋಸ್ಕರ ಅಲ್ಲ. ನನಗೆ ಬೆಳಿಗ್ಗೆ ಏಳಬೇಕು, ಅದಕ್ಕೆ."

ಅಷ್ಟು ವರ್ಷ ಅದು ಅವಳ ಸರಳತೆ ಎಂದುಕೊಂಡಿದ್ದೆ. ಅದು ಮದ್ದು, ದಿನಾ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಳು. ನಾನೂ ನುಂಗಲು ನೋಡಿದೆ. ಕೆಲವು ಸಂಜೆ ಅವಳ ಪಕ್ಕದಲ್ಲಿ ಮೊಣಕಾಲೂರಿ ಹೇಳಿಯೂ ಹೇಳಿದೆ. ಯಜಮಾನರ ಜಾಗ ಬಂದಾಗ ಗಂಟಲಲ್ಲಿ ನಿಲ್ಲುತ್ತಿತ್ತು, ಉಳಿದದ್ದೂ ಅದರ ಹಿಂದೆಯೇ ನಿಂತುಬಿಡುತ್ತಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಕಾರ್ಕಳದಲ್ಲಿ ಒಂದು ಸ್ಟೇಷನರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿಯ ಹಿಂದೆಯೇ ಒಂದು ಕೋಣೆ. ಶನಿವಾರ ಸಂಜೆ ಮನೆಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದೆ. ಮದುವೆಯ ಮಾತು ಒಂದೆರಡು ಬಂತು. ಬಂದವರು ಎಡಗೈ ತೋರಿಸು ಎಂದರು. ತೋರಿಸಿದೆ. ಹೋದವರು ತಿರುಗಿ ಬರಲಿಲ್ಲ. ಆಗ ಯಾರೂ "ಎಡಗೈ ಅಲ್ವಾ" ಎನ್ನಲಿಲ್ಲ.

ಅಮ್ಮ ಹೋದದ್ದು ಆ ದಶಕದ ಕೊನೆಯಲ್ಲಿ, ಹೊಟ್ಟೆಯ ಗಡ್ಡೆಯಿಂದ. ತಿಂಗಳುಗಟ್ಟಲೆ ಮಲಗಿದಳು, ನಾನು ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಕೊನೆಕೊನೆಗೆ ಬಾಯಿ ಬಿಟ್ಟರೆ ನರಳಿಕೆಯೇ ಬರುತ್ತಿತ್ತು. ಆದರೂ ಯಾರಾದರೂ ಚಮಚದಲ್ಲಿ ನೀರು ಹಾಕಿದರೆ ತುಟಿ ಅಲ್ಲಾಡಿಸುತ್ತಿದ್ದಳು. ಏನು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಕೂತಿದ್ದಾಗ ಸಂಬಂಧಿಕರೊಬ್ಬರು ನನ್ನ ಭುಜದ ಮೇಲೆ ಕೈಯಿಟ್ಟರು.

"ಹೆಚ್ಚು ನರಳಲಿಲ್ಲ ಅಲ್ವಾ. ಅದಕ್ಕೆ ದೇವರಿಗೆ ಸ್ತೋತ್ರ ಹೇಳಬೇಕು."

"ನರಳಿದಳು" ಎಂದೆ. "ಬಹಳ ನರಳಿದಳು. ನಾನು ಹತ್ತಿರವೇ ಇದ್ದೆ."

ಅವರು ಕೈ ತೆಗೆದರು. ಹೆಂಗಸರೆಲ್ಲ ನನ್ನನ್ನು ನೋಡಿದರು. ಇಂಥ ತಾಯಿಗೆ ಇಂಥ ಮಗಳು ಎಂದು ಅವರಿಗೆ ಅನ್ನಿಸಿರಬೇಕು. ನನಗೂ ಅನ್ನಿಸಿತು. ಅವಳಿಗೆ ಸಿಕ್ಕಿದ ಸಮಾಧಾನದಲ್ಲಿ ಒಂದು ಚೂರೂ ನನಗೆ ಬರಲಿಲ್ಲ. ಅದನ್ನು ನನ್ನಿಂದ ಕಿತ್ತುಕೊಂಡರು ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಮುಗಿಸಿ ಕಾರ್ಕಳಕ್ಕೆ ತಿರುಗಿ ಬಂದೆ. ಅಂಗಡಿಗೆ ಹೊಸದಾಗಿ ಒಬ್ಬಳು ಹುಡುಗಿ ಸೇರಿದ್ದಳು. ಮೇಲಿನ ಕಪಾಟಿಗೆ ಹತ್ತುವ ಏಣಿಯ ಒಂದು ಮೆಟ್ಟಿಲು ಸಡಿಲವಾಗಿತ್ತು. ಅವಳು ಅದನ್ನು ದಾಟಿಕೊಂಡು ಹತ್ತುತ್ತಿದ್ದಳು, ಕೇಳಿದರೆ "ಪರವಾಗಿಲ್ಲ ಅಕ್ಕ" ಎನ್ನುತ್ತಿದ್ದಳು. ಅಂಗಡಿಯವರಿಗೆ ಹೇಳಿದೆ. ನಾಳೆ ನೋಡುವ ಎಂದರು. ನಾಳೆ ಕಳೆಯಿತು, ಮತ್ತೆ ಹೇಳಿದೆ.

"ಎಲ್ಲ ಸರಿ ಉಂಟು ಅಂತ ನಿಮ್ಮ ಬಾಯಿಯಿಂದ ಒಂದು ದಿನ ಕೇಳಲಿಲ್ಲ ನಾನು. ಎಂತ ಮಾರಾಯ್ರೆ ನೀವು?"

ನಾನು ಏಣಿಯನ್ನು ಎಳೆದುಕೊಂಡು ಹೋಗಿ ಅಂಗಡಿಯ ಬಾಗಿಲಿಗೆ ಅಡ್ಡ ಮಲಗಿಸಿದೆ. ಗಿರಾಕಿಗಳು ಬಂದು ದಾಟಲಾಗದೆ ನಿಂತರು. ಅಂಗಡಿಯವರು ಬಾಯಿಗೆ ಬಂದದ್ದು ಬೈದು ಕೊನೆಗೆ ಬಡಗಿಯನ್ನು ಕರೆಸಿದರು. ಅವನು ಎರಡು ಮೊಳೆ ಹೊಡೆದು, ಹತ್ತಿ ನೋಡಿ, ಹೋದ.

ಹುಡುಗಿ ಏಣಿ ಹತ್ತಿ ಗಿರಾಕಿ ಕೇಳಿದ ನೋಟ್‌ಬುಕ್ಕಿನ ಕಟ್ಟು ಇಳಿಸಿದಳು. ಆ ದಿನ ಇಡೀ ಅಂಗಡಿಯವರು ನನ್ನ ಹತ್ತಿರ ಮಾತಾಡಲಿಲ್ಲ.